ಸೇವೆಗೆ ಎಲ್ಲಿ ಸೇರುವುದು ಎಂದು ಕೇಳುವವರಿಗೆ

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ)

ಪ್ರಥಮ ಪಿಯುಸಿಗೆ ಸೇರಿದ ಹುಡುಗಿಯರು ಕ್ಯಾಂಟೀನ್ ಮುಂದೆ ನನ್ನನ್ನು ನಿಲ್ಲಿಸಿ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ. ಅಕೌಂಟೆನ್ಸಿ ನೋಟ್ಸ್ ಇದೆಯಾ, ಯಾವ ಲೆಕ್ಚರರ್ ಹೆಚ್ಚು ಸ್ಟ್ರಿಕ್ಟ್. ಈ ವರ್ಷ ಮೂರನೆಯದೊಂದು ಸೇರಿಕೊಂಡಿದೆ. "ಅಕ್ಕ, ನಮಗೂ ಸಮಾಜಸೇವೆ ಏನಾದರೂ ಮಾಡಬೇಕೂಂತ ಇದೆ. ಎಲ್ಲಿ ಸೇರಬೇಕು?" ಕೇಳಿದವರಲ್ಲಿ ಕೆಲವರಿಗೆ ಬೇಕಾದದ್ದು ಸರ್ಟಿಫಿಕೇಟ್. ಮುಂದೆ ಒಳ್ಳೆಯ ಕಾಲೇಜಿಗೆ ಅರ್ಜಿ ಹಾಕುವಾಗ ಉಪಯೋಗಕ್ಕೆ ಬರುತ್ತದೆ ಎಂದು ಯಾರೋ ಹೇಳಿದ್ದಾರೆ. ಅದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ನಾನೂ ಮೊದಲ ಸಲ ಹೋದದ್ದು ಅದಕ್ಕೇ. ಆದರೆ ಒಂದು ಸಂಘಟನೆಯ ಹೆಸರು, ಒಂದು ಫೋನ್ ನಂಬರ್ ಕೊಟ್ಟು ಆ ಪ್ರಶ್ನೆಯನ್ನು ಮುಗಿಸಲು ನನಗೆ ಮನಸ್ಸು ಬರುವುದಿಲ್ಲ. ಯಾಕೆ ಎಂದು ತಿಳಿಸಬೇಕಾದರೆ ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳಬೇಕು.

ಕಳೆದ ರಮಝಾನ್‌ಗೆ ಒಂದು ವಾರ ಇರುವಾಗ ನಮ್ಮ ಊರಿನ ಒಂದು ಸಂಘಟನೆ ಕಿಟ್ ಹಂಚುವ ಕಾರ್ಯಕ್ರಮ ಇಟ್ಟುಕೊಂಡಿತ್ತು. ನಾವು ಹುಡುಗಿಯರು ಹತ್ತು ಮಂದಿ ಪ್ಯಾಕಿಂಗ್‌ಗೆ ಹೋದೆವು. ಅಕ್ಕಿ, ಸಕ್ಕರೆ, ಎಣ್ಣೆ, ಚಹಾ ಪುಡಿ, ಕಡಲೆ, ಖರ್ಜೂರ. ಇಡೀ ದಿನ ತೂಗಿ ತೂಗಿ ಕೈ ಬಿದ್ದುಹೋದರೂ ಖುಷಿಯಿತ್ತು. ನಿಜ ಹೇಳಬೇಕೆಂದರೆ ಆ ಕೆಲಸ ಈಗಲೂ ನನಗೆ ಇಷ್ಟ. ಮರುದಿನ ಹಾಲ್‌ನಲ್ಲಿ ಹಂಚುವ ಕಾರ್ಯಕ್ರಮ. ನನ್ನ ಫೋನಿನ ಕ್ಯಾಮೆರಾ ಚೆನ್ನಾಗಿದೆ ಎಂದು ಫೋಟೊ ತೆಗೆಯುವ ಕೆಲಸ ನನಗೆ ಬಂತು. ಹಿಂದೆ ಬ್ಯಾನರ್, ನಡುವೆ ಮುಖ್ಯ ಅತಿಥಿ, ಎದುರಿಗೆ ಕಿಟ್ ಪಡೆಯುವ ಹೆಂಗಸು. ಒಬ್ಬರು ಮುಖ ತಿರುಗಿಸಿ ಶಾಲಿನ ಸೆರಗು ಎಳೆದುಕೊಂಡರು. "ಸ್ವಲ್ಪ ಈಚೆ ನೋಡಿ" ಎಂದು ಹೇಳಿದ್ದು ನಾನೇ. ಅವರು ನೋಡಿದರು. ರಾತ್ರಿ ಆ ಫೋಟೊಗಳಲ್ಲಿ ಐದನ್ನು ಆರಿಸಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ನಲವತ್ತಕ್ಕೂ ಹೆಚ್ಚು ಮಂದಿ 'ಮಾಶಾ ಅಲ್ಲಾಹ್' ಎಂದು ಬರೆದರು.

ಸೋಮವಾರ ಕ್ಲಾಸಿಗೆ ಬಂದಾಗ ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿ ಹಿಂದಿನ ಬೆಂಚಿಗೆ ಹೋಗಿದ್ದಳು. ಜಗಳವಿಲ್ಲ, ಮಾತೂ ಇಲ್ಲ. ಒಂದು ವಾರ ಆದ ಮೇಲೆ ನಾನೇ ಹಿಡಿದು ಕೇಳಿದೆ. "ನೀನು ಈಚೆ ನೋಡಿ ಅಂತ ಹೇಳಿದ್ದು ನನ್ನ ಉಮ್ಮನಿಗೆ" ಎಂದಳು. ಅವಳ ಮನೆಗೆ ನಾನು ಅದಕ್ಕಿಂತ ಮೊದಲು ಹೋದವಳಲ್ಲ. ಅವಳ ಉಮ್ಮನ ಮುಖ ನನಗೆ ಗೊತ್ತಿರಲಿಲ್ಲ. ಅವಳ ಮಾಮನ ಮನೆಯವರು ಸ್ಟೇಟಸ್ ನೋಡಿ ಫೋನ್ ಮಾಡಿ, ಕಿಟ್‌ಗೆ ಕೈ ಚಾಚುವಷ್ಟು ಏನಾಯಿತು ಎಂದು ಕೇಳಿದ್ದರಂತೆ. ಮುಂದಿನ ವರ್ಷ ಯಾರು ಕರೆದರೂ ಹೋಗುವುದಿಲ್ಲ ಎಂದು ಅವಳ ಉಮ್ಮ ತೀರ್ಮಾನ ಮಾಡಿದ್ದಾರೆ. ಅಂದರೆ ಒಂದು ಮನೆಗೆ ಬರುತ್ತಿದ್ದ ಅಕ್ಕಿಯನ್ನು ನನ್ನ ಫೋಟೊ ನಿಲ್ಲಿಸಿತು. ಇದನ್ನು ಬರೆಯಲು ಗೆಳತಿ ಒಪ್ಪಿದ್ದಾಳೆ. ಹೆಸರು ಮಾತ್ರ ಬೇಡ ಎಂದಿದ್ದಾಳೆ.

ಕೊಡುವುದನ್ನು ಗುಟ್ಟಾಗಿ ಕೊಡಬೇಕು ಎಂದು ಮದ್ರಸದಲ್ಲಿ ಏಳೆಂಟು ವರ್ಷ ಕಲಿತವಳು ನಾನು. ಪರೀಕ್ಷೆಯಲ್ಲಿ ಅದಕ್ಕೆ ಪೂರ್ತಿ ಅಂಕವೂ ಸಿಕ್ಕಿತ್ತು.

ಸಂಘಟನೆಯ ಹಿರಿಯರೊಬ್ಬರ ಹತ್ತಿರ ಈ ವಿಷಯ ಎತ್ತಿದೆ. ಅವರು ಕೆಟ್ಟ ಮನುಷ್ಯರಲ್ಲ. ರಾತ್ರಿ ಎರಡು ಗಂಟೆಗೆ ಆಂಬ್ಯುಲೆನ್ಸ್ ಬೇಕೆಂದರೂ ಎದ್ದು ಬರುವವರು. "ಮಗಳೇ, ಗಲ್ಫ್‌ನಲ್ಲಿ ಇರುವವನು ಬೆವರು ಸುರಿಸಿ ದುಡಿದು ಹಣ ಕಳಿಸುತ್ತಾನೆ. ಅವನಿಗೆ ಲೆಕ್ಕ ಬೇಡವಾ? ಫೋಟೊ ಇಲ್ಲದಿದ್ದರೆ ಮುಂದಿನ ವರ್ಷ ಹಣ ಬರುವುದಿಲ್ಲ" ಎಂದರು. ಅವರು ಹೇಳಿದ್ದರಲ್ಲಿ ಅರ್ಧ ಸರಿ ಎಂದು ನನಗೆ ಅನಿಸುತ್ತದೆ. ಲೆಕ್ಕ ಬೇಕೇ ಬೇಕು. ಆದರೆ ಅಂಗಡಿಯ ಬಿಲ್ಲಿನ ಫೋಟೊ ಕಳಿಸಬಹುದು. ಸಾಲಾಗಿ ಕಟ್ಟಿಟ್ಟ ಚೀಲಗಳ ಫೋಟೊ ಕಳಿಸಬಹುದು. ಎಷ್ಟು ಮನೆಗೆ ಹೋಯಿತು ಎಂಬ ಲೆಕ್ಕಕ್ಕೆ ಖಜಾಂಚಿಯ ಸಹಿ ಹಾಕಿ ಕೊಡಬಹುದು. ವಾಣಿಜ್ಯ ವಿಭಾಗದವರು ಎರಡು ವರ್ಷ ಇದನ್ನೇ ತಾನೇ ಕಲಿಯುವುದು? ವೋಚರ್ ಅಂದರೆ ಏನು ಎಂದು ನಮ್ಮನ್ನು ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇವೆ. ಬಡವಳ ಮುಖ ವೋಚರ್ ಅಲ್ಲ. ಈ ಕಾಲೇಜಿನಿಂದ ಯಾರೇ ಇಂಥ ಕೆಲಸಕ್ಕೆ ಹೋದರೂ ಪಡೆಯುವವರ ಮುಖದ ಫೋಟೊ ತೆಗೆಯುವುದಿಲ್ಲ ಎಂದು ನಾವೇ ಒಂದು ನಿಯಮ ಮಾಡಿಕೊಳ್ಳಬೇಕು, ಹೋಗುವ ಮೊದಲೇ ಅದನ್ನು ಸಂಘಟಕರಿಗೆ ತಿಳಿಸಬೇಕು ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಸೇವೆ ಎಲ್ಲಿ ಮಾಡುವುದು? ನನಗೆ ದಾರಿ ತೋರಿಸಿದ್ದು ಅದೇ ಗೆಳತಿ. ಕ್ಷಮೆ ಕೇಳಿ ಕೆಲವು ದಿನ ಕಳೆದ ಮೇಲೆ, ಸಂಕೋಚದಿಂದಲೇ ಕೇಳಿದೆ, ನಿಮ್ಮ ಮನೆಗೆ ನಿಜವಾಗಿ ಏನು ಬೇಕಾಗಿತ್ತು ಎಂದು. "ಅಕ್ಕಿ ರೇಷನ್‌ನಲ್ಲಿ ಬರುತ್ತದೆ. ತಮ್ಮನ ಸ್ಕಾಲರ್‌ಶಿಪ್ ಬಂದಿಲ್ಲ, ನನ್ನದೂ ಬಂದಿಲ್ಲ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ" ಎಂದಳು. ಅವಳ ಉಮ್ಮ ಬೀಡಿ ಕಟ್ಟುವವರು. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ಕಾರ್ಮಿಕ ಸಚಿವಾಲಯದಿಂದ ವಿದ್ಯಾರ್ಥಿವೇತನ ಇದೆ. ತರಗತಿಗೆ ತಕ್ಕಂತೆ ವರ್ಷಕ್ಕೆ 1,000 ರೂಪಾಯಿಯಿಂದ 25,000 ರೂಪಾಯಿಯವರೆಗೆ. ಬೀಡಿ ಕಾರ್ಮಿಕರ ಗುರುತಿನ ಚೀಟಿ ಬೇಕು, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ನಮ್ಮ ಕ್ಲಾಸಿನಲ್ಲೇ ಉಮ್ಮ, ಅಮ್ಮ ಬೀಡಿ ಕಟ್ಟುವವರು ಎಷ್ಟು ಮಂದಿ ಇದ್ದಾರೆ, ಎಷ್ಟು ಮಂದಿಗೆ ಇದು ಗೊತ್ತಿದೆ ಎಂದು ಒಮ್ಮೆ ಕೇಳಿ ನೋಡಿ.

ಏಪ್ರಿಲ್ ರಜೆಯಲ್ಲಿ ನಾವಿಬ್ಬರೂ ಕಾಗದಗಳ ಚೀಲ ಹಿಡಿದು ಹೊರಟೆವು. ತಮ್ಮನ ಕಥೆ ಹೀಗಿತ್ತು. ಅವನ ಹೆಸರಿನ ಮೊದಲಿಗೆ 'ಮುಹಮ್ಮದ್' ಇದೆ. ಜನನ ಪ್ರಮಾಣಪತ್ರದಲ್ಲಿ ಒಂದು ಸ್ಪೆಲ್ಲಿಂಗ್, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮೂರನೆಯದು. ಒಂದು ಕಡೆ 'ಯು' ಇದ್ದರೆ ಇನ್ನೊಂದು ಕಡೆ 'ಓ', ಒಂದು ಕಡೆ ಎರಡು 'ಎಂ', ಇನ್ನೊಂದು ಕಡೆ ನಾಲ್ಕೇ ಅಕ್ಷರಗಳಿಗೆ ಮೊಟಕು ಮಾಡಿ ಒಂದು ಚುಕ್ಕೆ. ಒಬ್ಬನೇ ಹುಡುಗ ಸರಕಾರದ ಕಂಪ್ಯೂಟರಿನ ಕಣ್ಣಿಗೆ ಮೂವರಾಗಿದ್ದ. ಇದು ಈ ಒಂದು ಮನೆಯ ಕಥೆಯಲ್ಲ, ನಮ್ಮಲ್ಲಿ ಹೆಚ್ಚುಕಡಿಮೆ ಪ್ರತಿ ಮನೆಯದು. ಯಾವುದನ್ನು ಆಧಾರವಾಗಿ ಇಟ್ಟುಕೊಂಡು ಯಾವುದನ್ನು ತಿದ್ದಬೇಕು ಎಂದು ತಿಳಿಯಲು ಒಂದು ದಿನ ಹೋಯಿತು. ಆಧಾರ್ ತಿದ್ದುಪಡಿಗೆ ಟೋಕನ್ ಸಿಗಲು ಇನ್ನೊಂದು ದಿನ. ಬೆಳಿಗ್ಗೆ ಏಳೂವರೆಗೆ ಹೋದರೆ ನಮಗಿಂತ ಮೊದಲೇ ಹದಿನೆಂಟು ಮಂದಿ ನಿಂತಿದ್ದರು.

ಗೆಳತಿಯದು ಬೇರೆಯೇ ಕಥೆ. ಅವಳ ಅರ್ಜಿ ಮಂಜೂರಾಗಿತ್ತು, ಹಣವೂ ಬಿಡುಗಡೆಯಾಗಿತ್ತು. ಅವಳು ಅರ್ಜಿಯಲ್ಲಿ ಬರೆದ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮಾತ್ರ ಒಂದು ರೂಪಾಯಿ ಇಲ್ಲ. ಬ್ಯಾಂಕಿನ ಮೇಡಂ ಒಬ್ಬರು ತಾಳ್ಮೆಯಿಂದ ವಿವರಿಸಿದ ಮೇಲೆ ಗೊತ್ತಾಯಿತು. ಆಧಾರ್ ಮೂಲಕ ಬರುವ ಹಣ ನಾವು ಬರೆದುಕೊಟ್ಟ ಖಾತೆಗೇ ಬರಬೇಕೆಂದಿಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆ ಯಾವುದೋ ಅದಕ್ಕೆ ಹೋಗುತ್ತದೆ. ಎರಡು ವರ್ಷದ ಹಿಂದೆ ಅಂಚೆಯಲ್ಲಿ ಅವಳ ಹೆಸರಿನಲ್ಲಿ ಒಂದು ಖಾತೆ ತೆರೆದಿದ್ದರು. ಮನೆಯವರು ಅದನ್ನು ಮರೆತೇಬಿಟ್ಟಿದ್ದರು. ಹಣ ಅಲ್ಲಿ ಹೋಗಿ ತಣ್ಣಗೆ ಕುಳಿತಿತ್ತು. ಅಂಚೆ ಕಚೇರಿಯಲ್ಲಿ ಅದು ಸಿಕ್ಕಿದ ದಿನ ಅವಳ ಉಮ್ಮ ನನ್ನನ್ನು ಮನೆಗೆ ಕರೆದು ಚಹಾ ಕೊಟ್ಟರು. ಫೋಟೊದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೀಡಿ ಸುತ್ತುತ್ತಲೇ, "ನಮ್ಮ ಪಕ್ಕದ ಮನೆಯವರಿಗೂ ಹೀಗೇ ಆಗಿದೆ. ನಿನಗೆ ಪುರುಸೊತ್ತು ಇದ್ದರೆ ಒಮ್ಮೆ ನೋಡು" ಎಂದರು.

ಅಲ್ಲಿಂದ ನನಗೆ ಹೊಳೆದದ್ದು ಇಷ್ಟು. ಅವಕಾಶ ಎಲ್ಲಿದೆ ಎಂದು ಕೇಳುವಾಗ ನಾವು ಪೋಸ್ಟರ್ ಹುಡುಕುತ್ತೇವೆ. ಹುಡುಕಬೇಕಾದದ್ದು ಸರತಿ ಸಾಲುಗಳನ್ನು. ಅಂಚೆ ಕಚೇರಿ, ಗ್ರಾಮ ಒನ್ ಕೇಂದ್ರ, ನ್ಯಾಯಬೆಲೆ ಅಂಗಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿ ಕೊಡುವ ಕಿಟಕಿ. ಇಲ್ಲೆಲ್ಲ ಅರ್ಧ ಗಂಟೆ ಸುಮ್ಮನೆ ನಿಂತು ನೋಡಿ. ಕೈಯಲ್ಲಿ ಕಾಗದ ಹಿಡಿದು ಅತ್ತಿತ್ತ ನೋಡುವವರು ಇದ್ದೇ ಇರುತ್ತಾರೆ. ನೀವು ಯೂನಿಫಾರ್ಮ್‌ನಲ್ಲಿದ್ದರೆ ಅವರೇ ಹತ್ತಿರ ಬರುತ್ತಾರೆ. "ಇದರಲ್ಲಿ ಏನು ಬರೆದಿದೆ, ಸ್ವಲ್ಪ ಓದಿ ಹೇಳಮ್ಮ."

ಜುಲೈ ತಿಂಗಳಲ್ಲಿ, ಜಡಿಮಳೆಯ ದಿನ, ರೇಷನ್ ಅಂಗಡಿಯಲ್ಲಿ ತುಳು ಮಾತನಾಡುವ ಅಜ್ಜಿಯೊಬ್ಬರ ಬೆರಳಚ್ಚು ಯಂತ್ರಕ್ಕೆ ಸಿಗಲೇ ಇಲ್ಲ. ಬೀಡಿ ಸುತ್ತಿ, ತೆಂಗಿನ ಗರಿ ಸೀಳಿ ಬೆರಳಿನ ಗೆರೆಗಳು ಸವೆದುಹೋಗಿದ್ದವು. ಎರಡನೆಯ ಸಲ ಬರಿಗೈಯಲ್ಲಿ ಹೊರಟಿದ್ದರು. ಅದೇ ಕಾರ್ಡಿನಲ್ಲಿ ಹೆಸರಿರುವ ಮನೆಯ ಬೇರೆ ಯಾರು ಬಂದು ಬೆರಳು ಒತ್ತಿದರೂ ಆಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅಂಗಡಿಯವರು ಹೇಳಿದ್ದರಂತೆ, ಆದರೆ ಗದ್ದಲದಲ್ಲಿ ಅಜ್ಜಿಗೆ ಅರ್ಥವಾಗಿರಲಿಲ್ಲ. ನಾನು ನನ್ನ ಅರೆಬರೆ ತುಳುವಿನಲ್ಲಿ ಹೇಳಿದೆ. ಸಂಜೆ ಮೊಮ್ಮಗ ಬಂದು ಅಕ್ಕಿ ತೆಗೆದುಕೊಂಡು ಹೋದ. ಎರಡು ನಿಮಿಷದ ಮಾತು ಅಷ್ಟೇ. ಇದಕ್ಕೆ ಯಾವ ಸಂಘಟನೆಯ ಸದಸ್ಯತ್ವವೂ ಬೇಕಾಗಲಿಲ್ಲ. ನಾನು ಯಾರ ಮನೆಯವಳು ಎಂದು ಅಜ್ಜಿ ಕೇಳಿದರು, ಹೇಳಿದೆ. ನಿನ್ನ ಅಜ್ಜ ನಮ್ಮ ಮನೆಗೆ ಮೀನು ತರುತ್ತಿದ್ದರು ಎಂದರು! ನನಗೇ ಗೊತ್ತಿರಲಿಲ್ಲ.

ನಮ್ಮ ಹತ್ತಿರ ಇರುವ, ಆದರೆ ನಾವು ಲೆಕ್ಕಕ್ಕೇ ಇಡದ ಒಂದು ಆಸ್ತಿ ಈ ಭಾಷೆಗಳು. ಮನೆಯಲ್ಲಿ ಬ್ಯಾರಿ, ರಸ್ತೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್, ಕೆಲವರಿಗೆ ಉರ್ದು, ಮಲಯಾಳ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಘಟ್ಟದ ಮೇಲಿನಿಂದಲೂ ರೋಗಿಗಳು ಬರುತ್ತಾರೆ, ಕಾಸರಗೋಡಿನಿಂದಲೂ ಬರುತ್ತಾರೆ. ಯಾವ ಬ್ಲಾಕ್, ಯಾವ ಕೌಂಟರ್, ಯಾವ ಔಷಧಿ ಊಟದ ಮೊದಲು ಎಂಬುದು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟದೆ ಎಷ್ಟೋ ಜನ ಕಷ್ಟಪಡುತ್ತಾರೆ. ಇನ್ನೂ ಹತ್ತಿರದ ಜಾಗ ಅಂಗನವಾಡಿ. ಮನೆಯಲ್ಲಿ ಬ್ಯಾರಿ ಮಾತ್ರ ಕೇಳಿದ ಮೂರು ವರ್ಷದ ಮಗು ಕನ್ನಡವನ್ನು ಮೊದಲು ಕೇಳುವುದು ಅಲ್ಲಿ. ಅದು 'ನೀರು ಬೇಕು' ಎಂದು ಬ್ಯಾರಿಯಲ್ಲಿ ಅಳುತ್ತದೆ, ಟೀಚರ್‌ಗೆ ತಿಳಿಯುವುದಿಲ್ಲ. ನಮ್ಮ ಪಕ್ಕದ ಅಂಗನವಾಡಿಯ ಟೀಚರ್ ಹತ್ತಿರ, ಶನಿವಾರ ಒಂದು ಗಂಟೆ ಬರಬಹುದಾ ಎಂದು ಕೇಳಿದೆವು. ಅವರು ನಗುತ್ತಾ, "ಕಥೆ ಹೇಳಿ ಮಕ್ಕಳನ್ನು ಕೂರಿಸಿಕೊಳ್ಳಿ, ಅಷ್ಟರಲ್ಲಿ ನನ್ನ ರಿಜಿಸ್ಟರ್ ಮುಗಿಯುತ್ತದೆ" ಎಂದರು. ಮೊದಲ ವಾರ ನನ್ನ ಕಥೆ ಯಾರೂ ಕೇಳಲಿಲ್ಲ. ಒಬ್ಬ ನನ್ನ ಚಪ್ಪಲಿಯನ್ನೇ ಹೊತ್ತೊಯ್ದ. ನಾಲ್ಕನೆಯ ವಾರ ಅದೇ ಹುಡುಗ ಗೇಟಿನಲ್ಲಿ ಕಾಯುತ್ತಿದ್ದ.

ಯಾರನ್ನು ಕೇಳಬೇಕು ಎಂಬುದೂ ಮುಖ್ಯ. ಊರಿನ ಮನೆಗಳ ಒಳಗು ಬಲ್ಲವರು ವೇದಿಕೆಯ ಮೇಲೆ ಇರುವವರಲ್ಲ. ಹಳ್ಳಿಯ ಕಡೆ ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬರಂತೆ ಆಶಾ ಕಾರ್ಯಕರ್ತೆಯರು ಇದ್ದಾರೆ. ಪೋಸ್ಟ್‌ಮ್ಯಾನ್ ಇದ್ದಾರೆ, ಮಸೀದಿಯ ಉಸ್ತಾದರು ಇದ್ದಾರೆ, ಪಂಚಾಯತ್ ಗ್ರಂಥಾಲಯದ ಮೇಲ್ವಿಚಾರಕರು ಇದ್ದಾರೆ. ಒಂದು ಎಚ್ಚರಿಕೆ ಹೇಳಬೇಕು. ಆಶಾ ಅಕ್ಕಂದಿರಿಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ. "ನಮಗೊಂದು ಕೆಲಸ ಕೊಡಿ" ಎಂದು ಹತ್ತು ಮಂದಿ ಹೋಗಿ ಅವರ ಮುಂದೆ ನಿಂತರೆ ನಾವೇ ಅವರಿಗೆ ಒಂದು ಕೆಲಸವಾಗುತ್ತೇವೆ. ಇಬ್ಬರೇ ಹೋಗಿ, ವಾರದಲ್ಲಿ ಯಾವ ದಿನ, ಎಷ್ಟು ಹೊತ್ತು, ನಮಗೆ ಏನು ಬರುತ್ತದೆ ಎಂಬುದನ್ನು ಮೊದಲೇ ಹೇಳಿ ಕೇಳಬೇಕು. ಯಾರ ಮನೆಯಲ್ಲಿ ಏನು ಕಾಯಿಲೆ ಎಂದು ಅವರನ್ನು ಕೆದಕಬಾರದು. ಆ ಮನೆಯವರು ಒಪ್ಪಿದ ಮೇಲೆಯೇ ಹೋಗಬೇಕು.

ಗ್ರಂಥಾಲಯದ ವಿಷಯ ಬಂದದ್ದರಿಂದ ಹೇಳುತ್ತೇನೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯತ್ ಗ್ರಂಥಾಲಯದ ಸದಸ್ಯತ್ವ ಉಚಿತ. ಅಂದರೆ ನಮಗೂ ಉಚಿತ. ನಮ್ಮ ಕ್ಲಾಸಿನಲ್ಲಿ ಇದನ್ನು ಪಡೆದವರು ಇಬ್ಬರು, ಅದರಲ್ಲಿ ಒಬ್ಬಳು ನಾನು, ಅದೂ ಈ ಲೇಖನ ಬರೆಯಲು ಕುಳಿತ ಮೇಲೆ.

ಹರೇಕಳ ಹಾಜಬ್ಬರ ಬಗ್ಗೆ ನಾವೆಲ್ಲ ಪ್ರಬಂಧ ಬರೆದವರು. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದಾಗ ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದ್ದು, ಉತ್ತರ ಹೇಳಲಾಗದೆ ನಾಚಿದ್ದು, ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿಸಿದ್ದು, 2020ರಲ್ಲಿ ಪದ್ಮಶ್ರೀ ಘೋಷಣೆಯಾದದ್ದು ಎಲ್ಲ ಬಾಯಿಪಾಠ. ನಡುವಿನ ಭಾಗವನ್ನು ಮಾತ್ರ ನಾವು ಒಂದೇ ಸಾಲಿನಲ್ಲಿ ದಾಟಿಬಿಡುತ್ತೇವೆ. ಕಿತ್ತಳೆ ಬುಟ್ಟಿ ಇಳಿಸಿ ಅವರು ಕಚೇರಿ ಕಚೇರಿ ಅಲೆದ ವರ್ಷಗಳವು. ನನಗೆ ಈಗ ಇಷ್ಟವಾಗುವುದು ಆ ಅಲೆದಾಟ. ತನ್ನ ಊರಿಗೆ ಏನಿಲ್ಲ ಎಂದು ಅವರಿಗೆ ಗೊತ್ತಾದದ್ದು ತನಗೇ ಆದ ಅವಮಾನದಿಂದ. ನಮಗೂ ಏನೋ ಒಂದು ಕೊರತೆ ಕಾಡಿರುತ್ತದೆ. ಬಸ್ ಪಾಸ್‌ಗೆ ಅಲೆದದ್ದೋ, ಹತ್ತನೆಯ ತರಗತಿಯಲ್ಲಿ ಲೆಕ್ಕ ಹೇಳಿಕೊಡುವವರಿಲ್ಲದೆ ಅತ್ತದ್ದೋ. ಅಲ್ಲಿಂದಲೇ ಶುರು ಮಾಡಬಹುದು.

ಇನ್ನು ಹೇಳಲೇಬೇಕಾದ ಮಾತು ಮತ್ತೆ ಹೋಗುವುದರ ಬಗ್ಗೆ. ಒಂದು ದಿನದ ಕಾರ್ಯಕ್ರಮಕ್ಕೆ ನಮ್ಮಲ್ಲಿ ನೂರು ಜನ ಸಿಗುತ್ತಾರೆ, ಹತ್ತನೆಯ ವಾರಕ್ಕೆ ಇಬ್ಬರು ಸಿಗುವುದಿಲ್ಲ. ಕೇರಳದವರಿಂದ ಇದನ್ನು ಕಲಿಯಬೇಕು. 1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಕೆಲವು ವೈದ್ಯರು ಗುಣವಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಚಿಕಿತ್ಸೆ ಶುರು ಮಾಡಿದರು. ಹಾಸಿಗೆ ಹಿಡಿದವರು ಆಸ್ಪತ್ರೆಗೆ ಬರಲಾರರು, ವೈದ್ಯರು ಎಲ್ಲ ಮನೆಗೆ ಹೋಗಲಾರರು. ಆಗ ಮಲಪ್ಪುರಂ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ಊರವರೇ ಆ ಕೆಲಸವನ್ನು ಹಂಚಿಕೊಂಡರು. ವಾರಕ್ಕೆ ಎರಡು ಗಂಟೆ ಕೊಡಬಲ್ಲವರು ಮುಂದೆ ಬಂದರೆ ಅವರಿಗೆ ತರಬೇತಿ. ಅಂಗಡಿಯವರು, ರಿಕ್ಷಾದವರು, ಗೃಹಿಣಿಯರು, ವಿದ್ಯಾರ್ಥಿಗಳು. ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಹೇಗೆ ಎಂದು ಮನೆಯವರಿಗೆ ತೋರಿಸುವುದು, ಸುಮ್ಮನೆ ಕುಳಿತು ಮಾತು ಕೇಳುವುದು. 2008ರಲ್ಲಿ ಕೇರಳ ಸರಕಾರ ಇದಕ್ಕೆಂದೇ ಒಂದು ನೀತಿಯನ್ನು ತಂದಿತು. ನಮ್ಮಲ್ಲಿ ಹೆಚ್ಚಿನವರಿಗೆ ಆ ಕಡೆ ಸಂಬಂಧಿಕರು ಇದ್ದಾರೆ. ಮದುವೆಗೆ ಹೋದಾಗ ಬಿರಿಯಾನಿಯ ರುಚಿ ವಿಚಾರಿಸುವ ನಾವು ಇದನ್ನೂ ಒಮ್ಮೆ ವಿಚಾರಿಸಬಹುದು. ಅಲ್ಲಿ ಕೇಳಬೇಕಾದ ಸಂಖ್ಯೆ ಆ ಎರಡು ಗಂಟೆ. ಎರಡೇ ಗಂಟೆ, ಆದರೆ ಪ್ರತಿ ವಾರ. ಮಂಚದಲ್ಲಿ ಮಲಗಿದವರನ್ನು ಒಂದು ಸಲ ನೋಡಿ, ಮತ್ತೆ ಬರುತ್ತೇನೆ ಎಂದು ಹೇಳಿ ಬಾರದಿರುವುದಕ್ಕಿಂತ ಹೋಗದಿರುವುದೇ ವಾಸಿ.

ರಕ್ತದಾನದ ಬಗ್ಗೆ ಕೇಳುವ ಹುಡುಗರಿಗೆ ಒಂದು ಮಾತು. 18 ವರ್ಷ ತುಂಬದೆ, 45 ಕಿಲೋ ತೂಕ ಇಲ್ಲದೆ ರಕ್ತ ಕೊಡಲು ಬಿಡುವುದಿಲ್ಲ. ವಯಸ್ಸು ಸುಳ್ಳು ಹೇಳಿ ಮಲಗಬೇಡಿ. ನಿಮ್ಮ ಮನೆ, ನೆರೆಮನೆಗಳಲ್ಲಿ ಯಾರ ರಕ್ತದ ಗುಂಪು ಯಾವುದು, ಕೊನೆಯ ಸಲ ಯಾವಾಗ ಕೊಟ್ಟರು ಎಂಬ ಪಟ್ಟಿಯನ್ನು ಅವರ ಒಪ್ಪಿಗೆ ಪಡೆದು ಬರೆದಿಡಿ. ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಅಂತರ ಬೇಕು. ರಾತ್ರಿ ಹನ್ನೊಂದಕ್ಕೆ ಗ್ರೂಪಿನಲ್ಲಿ 'ಅರ್ಜೆಂಟ್' ಎಂದು ಇನ್ನೂರು ಜನರಿಗೆ ಫಾರ್ವರ್ಡ್ ಮಾಡುವುದಕ್ಕಿಂತ ಅಂಥ ಇಪ್ಪತ್ತು ಹೆಸರಿನ ಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ.

ಹುಡುಗಿಯರಿಗೆ ಇರುವ ತೊಂದರೆ ಬೇರೆ. ಮನೆಯಲ್ಲಿ ಬಿಡುವುದಿಲ್ಲ. ಇದನ್ನು ಬರೆಯದೆ ಬೇರೆ ಎಲ್ಲ ಬರೆದರೆ ಈ ಲೇಖನ ಸುಳ್ಳಾಗುತ್ತದೆ. ನನ್ನ ಉಮ್ಮನೂ ಮೊದಲು ಬೇಡ ಎಂದರು. 'ಸಮಾಜಸೇವೆ' ಎಂದರೆ ಅವರಿಗೆ ಏನೂ ಕಾಣುವುದಿಲ್ಲ. ಎಲ್ಲಿಗೆ, ಯಾರ ಜತೆ, ಎಷ್ಟು ಗಂಟೆಗೆ ವಾಪಸ್ ಎಂದು ಹೇಳಿದರೆ ಕಾಣುತ್ತದೆ. ನಾನು ಗೆಳತಿಯನ್ನು ಮನೆಗೆ ಕರೆದುಕೊಂಡು ಬಂದೆ, ಅಂಗನವಾಡಿ ಟೀಚರ್ ಜತೆ ಫೋನಿನಲ್ಲಿ ಮಾತನಾಡಿಸಿದೆ, ಅಸರ್ ಬಾಂಗ್‌ಗೆ ಮೊದಲು ಮನೆಯಲ್ಲಿರುತ್ತೇನೆ ಎಂದೆ. ಒಂದು ದಿನವೂ ತಪ್ಪಲಿಲ್ಲ. ಈಗ ಉಮ್ಮನೇ ಬೀಡಿ ಬ್ರ್ಯಾಂಚಿನಲ್ಲಿ ಸಿಕ್ಕವರಿಗೆ "ನನ್ನ ಮಗಳು ಸ್ಕಾಲರ್‌ಶಿಪ್ ನೋಡುತ್ತಾಳೆ" ಎಂದು ಹೇಳಿ ಕೆಲಸ ಹೆಚ್ಚು ಮಾಡಿಟ್ಟಿದ್ದಾರೆ! ಹೊರಗೆ ಹೋಗಲು ಆಗದವರು ಮನೆಯ ಜಗಲಿಯಲ್ಲೇ ಕುಳಿತು ನೆರೆಯ ಹೆಂಗಸರಿಗೆ ಫಾರಂ ಓದಿ ಹೇಳಬಹುದು. ಗಂಡಸರು ತುಂಬಿದ ಕೌಂಟರಿಗಿಂತ ಅಂಥ ಜಗಲಿಗೆ ಬರುವುದು ಅವರಿಗೂ ಸುಲಭ. ಗೆಳೆಯರೇ, ನಿಮಗೆ ಯಾರ ಅನುಮತಿಯ ತಕರಾರೂ ಇಲ್ಲ, ಸ್ಕೂಟರ್ ಬೇರೆ ಇದೆ. ಆಧಾರ್ ಕೇಂದ್ರದಲ್ಲಿ ಬೆಳಿಗ್ಗೆ ಏಳಕ್ಕೆ ಟೋಕನ್ ಹಿಡಿಯುವ ಕೆಲಸ ನೀವು ವಹಿಸಿಕೊಂಡರೆ ಎಷ್ಟು ಮನೆಗಳಿಗೆ ಒಂದು ದಿನದ ಕೂಲಿ ಉಳಿಯುತ್ತದೆ ಎಂದು ಲೆಕ್ಕ ಹಾಕಿ.

ಕಾಗದಪತ್ರದ ಕೆಲಸದಲ್ಲಿ ನಾವು ಇಟ್ಟುಕೊಂಡ ನಿಯಮವನ್ನೂ ಹೇಳಿಬಿಡುತ್ತೇನೆ. ಯಾರ ಆಧಾರ್ ಫೋಟೊವೂ ನಮ್ಮ ಫೋನಿನಲ್ಲಿ ಉಳಿಯಬಾರದು. ಓಟಿಪಿ ಬಂದರೆ ಅವರ ಫೋನಿನಲ್ಲಿ ಅವರ ಎದುರೇ ನೋಡಬೇಕು. ಹಣ ಮುಟ್ಟಬಾರದು, ರಿಕ್ಷಾ ಬಾಡಿಗೆಯನ್ನೂ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು. ಒಮ್ಮೆ ನಾನು ದೊಡ್ಡವಳ ಹಾಗೆ "ಆಗುತ್ತದೆ" ಎಂದು ಹೇಳಿ ಒಬ್ಬರನ್ನು ಎರಡು ಸಲ ಸುಮ್ಮನೆ ಅಲೆಸಿದ್ದೇನೆ.

ಅಧ್ಯಾಪಕರಲ್ಲಿ ಒಂದು ವಿನಂತಿ. ಎನ್ನೆಸ್ಸೆಸ್‌ನಲ್ಲಿ ವರ್ಷಕ್ಕೆ 120 ಗಂಟೆಯ ಸೇವೆ ಎಂದಿದೆ. ಕ್ಯಾಂಪಸ್ ಸ್ವಚ್ಛತೆ, ಜಾಥಾ, ಶಿಬಿರ ಎಲ್ಲ ಒಳ್ಳೆಯದೇ. ಅದರಲ್ಲಿ ಕಾಲುಭಾಗವನ್ನಾದರೂ ವಿದ್ಯಾರ್ಥಿಗಳು ತಮ್ಮ ವಾರ್ಡಿನಲ್ಲಿ, ಒಂದೇ ಕಡೆ, ವಾರ ವಾರ ಮಾಡುವಂತೆ ಬಿಡಲು ಸಾಧ್ಯವೇ? ಒಂದು ದಿನಕ್ಕೆ ಸರ್ಟಿಫಿಕೇಟ್ ಬೇಡ, ಹತ್ತು ವಾರಕ್ಕೆ ಕೊಡಿ. ಹೆಣ್ಣುಮಕ್ಕಳ ಮನೆಯವರಿಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆದುಕೊಟ್ಟರೆ ನಮ್ಮ ನೂರು ಮಾತಿಗಿಂತ ಅದಕ್ಕೆ ಬೆಲೆ ಹೆಚ್ಚು. ವಿದ್ಯಾರ್ಥಿವೇತನದ ಅರ್ಜಿ ತೆರೆದಾಗ ಕಂಪ್ಯೂಟರ್ ಲ್ಯಾಬ್ ಅನ್ನು ಶನಿವಾರ ಮಧ್ಯಾಹ್ನ ಊರವರಿಗೂ ತೆರೆದಿಟ್ಟರೆ, ಪಕ್ಕದಲ್ಲಿ ಕುಳಿತು ತುಂಬಲು ನಾವು ಬರುತ್ತೇವೆ.

"ದ್ವಿತೀಯ ಪಿಯುಸಿಯಲ್ಲಿ ಇದೆಲ್ಲ ಯಾಕೆ, ಪರೀಕ್ಷೆ ಇಲ್ಲವಾ?" ಎಂದು ನನ್ನ ಮಾಮ ಕೇಳುತ್ತಲೇ ಇದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಜನವರಿ ಕೊನೆಯಿಂದ ಪರೀಕ್ಷೆ ಮುಗಿಯುವವರೆಗೆ ಬರುವುದಿಲ್ಲ ಎಂದು ಅಂಗನವಾಡಿ ಟೀಚರ್‌ಗೆ ಈಗಲೇ ಹೇಳಿದ್ದೇನೆ. ಚಪ್ಪಲಿ ಹೊತ್ತೊಯ್ದವನಿಗೂ ಹೇಳಿದ್ದೇನೆ, ಅವನಿಗೆ ಎಷ್ಟು ಅರ್ಥವಾಯಿತೋ. ಆ ಎರಡು ತಿಂಗಳ ಶನಿವಾರಗಳಿಗೆ ಪ್ರಥಮ ಪಿಯುಸಿಯಿಂದ ಇಬ್ಬರು ಬೇಕಾಗಿದ್ದಾರೆ. ಬ್ಯಾರಿ ಬಂದರೆ ಒಳ್ಳೆಯದು, ಬಾರದಿದ್ದರೆ ಮಕ್ಕಳೇ ಕಲಿಸುತ್ತಾರೆ.

ನಾನು ಮತ್ತು ನನ್ನ ಗೆಳತಿ ಶನಿವಾರ ಮಧ್ಯಾಹ್ನ ಎರಡೂವರೆಗೆ ಕಾಲೇಜು ಗ್ರಂಥಾಲಯದ ಹೊರಗಿನ ಬೆಂಚಿನಲ್ಲಿ ಇರುತ್ತೇವೆ. ಅಲ್ಲಿ ಒಂದು ನೋಟ್ ಪುಸ್ತಕ ಇಟ್ಟಿದ್ದೇವೆ. ನಿಮ್ಮ ಊರಿನಲ್ಲಿ ಕಂಡ ಕೆಲಸವನ್ನು ಅದರಲ್ಲಿ ಬರೆಯಬಹುದು, ಮನೆಯವರ ಹೆಸರು ಬರೆಯುವುದು ಬೇಡ. ಬರುವಾಗ ಪೆನ್ ತನ್ನಿ. ಕಳೆದ ವಾರ ನಮ್ಮ ಮೂರೂ ಪೆನ್ನುಗಳನ್ನು ಯಾರೋ ಸೇವಾಭಾವದಿಂದ ಒಯ್ದಿದ್ದಾರೆ.